ಬ್ಯಾಂಕಿನ ಬೋರ್ಡ್ ಬದಲಾಯ್ತು, ಕಟ್ಟಡದ ಗತಿಯೇನು?

ಉಡುಪಿಯಲ್ಲಿ 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಟ್ಟಿದ ಬ್ಯಾಂಕ್ ಮಡಿಕೇರಿಗೆ ಬಂದಿದ್ದು 1934ರಲ್ಲಿ. ಅದು ಆ ಬ್ಯಾಂಕಿನ ಏಳನೇ ಶಾಖೆ. ಕೊಡಗು ಆಗಿನ್ನೂ ಪ್ರತ್ಯೇಕ ಪ್ರಾಂತ್ಯ. ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎನಿಸಿಕೊಂಡ ಆ ಹೆಸರು ಈಗಿಲ್ಲ. 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನಲ್ಲಿ ಕರಗಿಹೋಯ್ತು. ಅದೇ ದಿನ ಸಿಂಡಿಕೇಟ್, 2019ರಲ್ಲಿ ವಿಜಯಾ, 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು. ಮೂರೇ ವರ್ಷದಲ್ಲಿ ನಾಲ್ಕು ಹೆಸರು ಹೋದವು. ವಿಲೀನವಾದ ಮೇಲೆ ಅಕ್ಕಪಕ್ಕದ ಶಾಖೆಗಳು ಒಂದಾಗುವುದು, ಹಳೇ ಕಟ್ಟಡ ಖಾಲಿಯಾಗುವುದು ಸಹಜ.

ಖಾಲಿಯಾದರೆ ಏನಂತೆ ಅಂತ ಕೇಳಬಹುದು. ಕಾಫಿ ಬೆಳೆಗಾರನಿಗೆ ದುಡ್ಡು ಬರೋದು ಕೊಯ್ಲಾದ ಮೇಲೆ, ವರ್ಷಕ್ಕೊಮ್ಮೆ. ಕೂಲಿ, ಗೊಬ್ಬರದ ಖರ್ಚು ವರ್ಷವಿಡೀ. ಈ ನಡುವಿನ ಅಂತರವನ್ನು ತುಂಬಿದ್ದು ಸಾಲ. ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪಲಿನಂಥ ಪೇಟೆಗಳು ಬೆಳೆದದ್ದರಲ್ಲಿ ಆ ಸಾಲದ ಪಾಲೂ ಇದೆ. ಕೋಟೆ, ಅರಮನೆ ರಾಜರ ಕಥೆ ಹೇಳುತ್ತವೆ. ಹಳೇ ಬ್ಯಾಂಕಿನ ಕೌಂಟರು, ಭದ್ರಕೋಣೆ ಹೇಳೋದು ಬೆಳೆಗಾರರ, ವ್ಯಾಪಾರಿಗಳ ಕಥೆ.

ಕಾನೂನು ಈ ಕಥೆಗೆ ಅಷ್ಟು ಬೇಗ ಕಿವಿಗೊಡುವುದಿಲ್ಲ. ಕೇಂದ್ರದ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ ಕನಿಷ್ಠ 100 ವರ್ಷದ ವಯಸ್ಸು ಬೇಕು. 1934ರ ಕಟ್ಟಡವೊಂದು ಇದ್ದರೆ ಅದು 2034ರವರೆಗೆ ಕಾಯಬೇಕು. ಪೇಟೆಯ ನಿವೇಶನದ ಬೆಲೆ ಅಲ್ಲಿವರೆಗೆ ಕಾಯುತ್ತಾ?

ಹಾಗಂತ ಪಟ್ಟಿಗೆ ಸೇರಿಸಿಬಿಟ್ಟರೆ ಮುಗೀತು ಅಂತಲೂ ಅಲ್ಲ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ 2012ರಲ್ಲಿ ಕುಸಿದು ಜೀವಹಾನಿಯಾಯ್ತು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಪಾರಂಪರಿಕ ಅನ್ನೋ ಹೆಸರು ಸೂರು ರಿಪೇರಿ ಮಾಡುವುದಿಲ್ಲ. ಕೊಡಗಿನ ಮಳೆಯಲ್ಲಂತೂ ಒಂದು ವರ್ಷ ಹೆಂಚು ಸರಿಸದಿದ್ದರೂ ಗೋಡೆಗೆ ನೀರು ಇಳಿಯುತ್ತೆ. ಆ ಖರ್ಚನ್ನು ಬಾಡಿಗೆಯೂ ಇಲ್ಲದ ಖಾಸಗಿ ಮಾಲೀಕರ ತಲೆಗೆ ಕಟ್ಟುವುದು ನ್ಯಾಯವಲ್ಲ.

ಕಟ್ಟಡವನ್ನು ಉಳಿಸೋದು ಬಳಕೆ. ಹಾಗಾಗಿ ಅಪಾಯದ ಗಳಿಗೆ ಅಂದ್ರೆ ಶಾಖೆ ಸ್ಥಳಾಂತರವಾಗುವ ದಿನ. ಬ್ಯಾಂಕು ಖಾಲಿ ಮಾಡುವ ಮೊದಲೇ ಸ್ಥಳೀಯ ಸಂಸ್ಥೆಗೆ ತಿಳಿಸಬೇಕು, ಕಟ್ಟಡದ ದಾಖಲಾತಿ ಆಗಬೇಕು. ಉಳಿಸಿಕೊಳ್ಳುವ ಮಾಲೀಕರಿಗೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ ಸಿಗಬೇಕು. ಉಡುಪಿಯಲ್ಲಿ ಸ್ಥಾಪಕರ ಮನೆಯೇ ಬ್ಯಾಂಕಿನ ವಸ್ತುಸಂಗ್ರಹಾಲಯವಾಗಿದೆ. ಪ್ರತಿ ಪೇಟೆಗೂ ಮ್ಯೂಸಿಯಂ ಬೇಕಿಲ್ಲ. ಗ್ರಂಥಾಲಯ, ಕಾಫಿ ಅಂಗಡಿ, ಸಹಕಾರ ಸಂಘದ ಕಚೇರಿ ಏನಾದರೂ ಸರಿ. ಬಾಗಿಲು ತೆರೆದಿರಬೇಕು, ಅಷ್ಟೆ.