"ಮನಸ್ಸು ಗಟ್ಟಿ ಮಾಡು" ಎಂದರೆ ಸಾಕೇ?



ಪುಣೆಯ ನಮ್ಮ ಹೋಟೆಲುಗಳಲ್ಲಿ ಕುಡಿತಕ್ಕೆ ಬಿದ್ದ ಕೆಲಸಗಾರನಿಗೆ ಗಲ್ಲೆಯ ಮೇಲಿನಿಂದ ಸಿಗುವ ಔಷಧ ಒಂದೇ: "ಮನಸ್ಸು ಗಟ್ಟಿ ಮಾಡಿ ಇಂದೇ ಬಿಡು, ಇಲ್ಲವಾದರೆ ಲೆಕ್ಕ ತೀರಿಸಿಕೊಂಡು ನಡೆ." ನಮ್ಮವರಲ್ಲಿಯೂ ಅನೇಕರು ಇದಕ್ಕೆ ತಲೆದೂಗುತ್ತಾರೆ. ಈ ಮಾತನ್ನು ನಾವು ಖಂಡಿಸುತ್ತೇವೆ.

ಸಪ್ಲೈಯರನೊಬ್ಬ ಐದು ಮೇಜಿನ ಆರ್ಡರು ನೆನಪಿಡುತ್ತಾನೆ. ಯಾವುದು ಮೊದಲೆಂದು ತೀರ್ಮಾನಿಸುತ್ತಾನೆ. ಗಿರಾಕಿ ಬೈದರೂ ನಾಲಗೆ ಬಿಗಿಹಿಡಿಯುತ್ತಾನೆ. ಈ ಮೂರಕ್ಕೂ ಹಣೆಯ ಹಿಂದಿರುವ ಮೆದುಳಿನ ಮುಂಭಾಗವೇ ಬೇಕು. "ಇವತ್ತು ಬೇಡ" ಎಂದು ಗ್ಲಾಸಿನಿಂದ ಕೈ ಹಿಂದೆಗೆಸುವುದೂ ಅದೇ ಭಾಗ. ವರ್ಷಗಟ್ಟಲೆಯ ಅತಿಕುಡಿತ ಪೆಟ್ಟು ಕೊಡುವ ಜಾಗಗಳಲ್ಲಿ ಮುಖ್ಯವಾದುದು ಅದು. ಬ್ರೇಕು ಸವೆದ ಗಾಡಿಗೆ "ನಿಲ್ಲು" ಎಂದು ಕೂಗಿದರೆ ನಿಂತೀತೇ? ಅವನಿಗೆ ಮನಸ್ಸಿಲ್ಲವೆಂದಲ್ಲ, ಬೆಳಿಗ್ಗೆ ಇಟ್ಟ ಆಣೆಯನ್ನು ಸಂಜೆಯವರೆಗೆ ಹಿಡಿದಿಡುವ ಶಕ್ತಿಯೇ ಕುಂದಿದೆ. ನಡುರಾತ್ರಿಯವರೆಗೆ ದುಡಿಸಿ ನಸುಕಿನಲ್ಲಿ ಎಬ್ಬಿಸಿದರೆ, ನಿದ್ದೆಗೆಟ್ಟು ಅದೇ ಭಾಗ ಇನ್ನಷ್ಟು ಮಂಕಾಗುತ್ತದೆ.

"ಇಂದೇ ಬಿಡು" ಎಂಬ ಅಪ್ಪಣೆ ಅಪಾಯಕರವೂ ಹೌದು. ನಿತ್ಯ ವಿಪರೀತ ಕುಡಿಯುವವನು ವೈದ್ಯರ ನೆರವಿಲ್ಲದೆ ಒಮ್ಮೆಲೇ ನಿಲ್ಲಿಸಿದರೆ, ಮೊದಲ ಕೆಲವು ದಿನಗಳಲ್ಲಿ ಕೈನಡುಕ, ಫಿಟ್ಸು, ಸನ್ನಿ ಬರಬಹುದು, ಜೀವವೂ ಹೋಗಬಹುದು.

ಹಾಗಾದರೆ ಕುಡುಕನಿಗೆ ಹೊಣೆಯೇ ಇಲ್ಲವೇ ಎಂದು ಮಾಲಕರು ಕೇಳಬಹುದು. ಇದೆ. ಚಿಕಿತ್ಸೆಗೆ ಹೋಗುವುದು, ಅದನ್ನು ಪೂರ್ತಿ ಮಾಡುವುದು ಅವನ ಹೊಣೆ. ಗುಣವಾಗುವತನಕ ಅವನನ್ನು ಕಾದ ಎಣ್ಣೆಯ ಬಾಣಲೆಯ ಮುಂದೆ ನಿಲ್ಲಿಸಬಾರದೆಂಬುದನ್ನೂ ಒಪ್ಪುತ್ತೇವೆ. ಆದರೆ ಕುಡಿತ ಬಿಟ್ಟವನ ಮೆದುಳು ಚೇತರಿಸಿಕೊಳ್ಳಲು ವಾರಗಳು, ತಿಂಗಳುಗಳು ಬೇಕು. ನಮ್ಮಲ್ಲಿ ಅನೇಕರಿಗೆ ದುಡಿಯುವ ಜಾಗವೇ ಮಲಗುವ ಜಾಗ. ಆ ತಿಂಗಳುಗಳಲ್ಲೇ ಎರಡನ್ನೂ ಕಿತ್ತುಕೊಂಡರೆ ಅವನು ಸಾರಾಯಿ ಅಂಗಡಿಗಲ್ಲದೆ ಬೇರೆಲ್ಲಿಗೆ ಹೋದಾನು?

ದಾರಿ ದೂರವಿಲ್ಲ. ಡಾ. ಅನಿಲ ಅವಚಟ ದಂಪತಿಗಳು 1986ರಲ್ಲಿ ಆರಂಭಿಸಿದ ಮುಕ್ತಾಂಗಣ ವ್ಯಸನಮುಕ್ತಿ ಕೇಂದ್ರ ನಮ್ಮ ಯರವಡಾದಲ್ಲೇ ಇದೆ. ಮದ್ಯದ ದುರ್ವ್ಯಸನಕ್ಕೆ ಸೇರಿದ ಮಾನಸಿಕ ಸ್ಥಿತಿಗಳನ್ನು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆ ಕಾಯಿಲೆಯ ಪಟ್ಟಿಯಲ್ಲೇ ಸೇರಿಸಿದೆ. ಕಾಯಿದೆ ಕಾಯಿಲೆಯೆಂದದ್ದನ್ನು ಗಲ್ಲೆ ಅಪರಾಧವೆಂದು ಕರೆಯಲು ಯಾರು ಅಧಿಕಾರ ಕೊಟ್ಟರು?

ನಮ್ಮ ಬೇಡಿಕೆ ಮೂರು: ಚಿಕಿತ್ಸೆಯ ಕಾಲಕ್ಕೆ ರಜೆ, ಮರಳಿ ಬಂದವನಿಗೆ ಅವನ ಕೆಲಸ, ಎಲ್ಲರಿಗೂ ರಾತ್ರಿ ಪೂರ್ತಿ ನಿದ್ದೆ. ಸಂಗಾತಿಗಳೇ, ಪಕ್ಕದ ಹಾಸಿಗೆಯವನ ಕೈ ನಡುಗುತ್ತಿದ್ದರೆ ಬುದ್ಧಿವಾದ ಬೇಡ. ಜೊತೆಗೂಡಿ ಆಸ್ಪತ್ರೆಗೆ ಕರೆದೊಯ್ಯಿರಿ.