ಆಟದ ಸಾಮ್ರಾಜ್ಯಗಳು, ನಮ್ಮ ದುರ್ಗಗಳು



ಮಕ್ಕಳು ಕಂಪ್ಯೂಟರಿನಲ್ಲಿ ಆಡುವ ಕಾಲ್ಪನಿಕ ರಾಜ್ಯಗಳ ಆಟದ ವಿಷಯದಲ್ಲಿ ನಿಮ್ಮಲ್ಲಿ ಹಲವರು ನನ್ನ ಅಭಿಪ್ರಾಯ ಕೇಳಿದ್ದೀರಿ. ಪರಸ್ಪರ ಹಗೆ ಸಾಧಿಸುವ ಸಾಮ್ರಾಜ್ಯಗಳು, ಬೆಟ್ಟದ ಕೋಟೆಗಳು, ನೆಲದಡಿಯ ಸೆರೆಮನೆಗಳು, ಅಲ್ಲಿ ಅಡಗಿದ ನಿಧಿ. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಅರ್ನೆಸನ್ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟದ ಸಂತತಿ ಇವು.

ಇದು ಕೇವಲ ಕಾಲಹರಣವೆಂಬ ಮಾತನ್ನು ನಾನು ಒಪ್ಪಲಾರೆ. ನಕಾಶೆ ಓದುವುದು, ದವಸಧಾನ್ಯದ ಲೆಕ್ಕವಿಡುವುದು, ಮಿತ್ರನಾರು ಶತ್ರುವಾರು ಎಂದು ಯೋಚಿಸುವುದು ಇತಿಹಾಸದ ವಿದ್ಯಾರ್ಥಿಗೆ ಬೇಕಾದವೇ. ನನ್ನ ತಕರಾರು ಬೇರೆ. ಆ ಲೋಕದಲ್ಲಿ ಪ್ರಜೆಗಳೆಂದರೆ ಬರಿಯ ಅಂಕಿ. ಸೆರೆಯಾಳು ಕಥೆಗೊಂದು ನೆಪ. ಅದು ಮಗುವಿನ ಮನಸ್ಸಿನಲ್ಲಿ ಹಾಗೆಯೇ ಉಳಿಯಬಾರದು.

ಇದಕ್ಕೆ ಮದ್ದು ನಮ್ಮ ಸೀಮೆಯಲ್ಲೇ ಇದೆ. ಮೊಗಲರು 1687ರಲ್ಲಿ ಶಿರಾವನ್ನು ತಮ್ಮ ಪ್ರಾಂತ್ಯವೊಂದರ ರಾಜಧಾನಿಯನ್ನಾಗಿ ಮಾಡಿಕೊಂಡರು. 1757ರಲ್ಲಿ ಅದು ಮರಾಠರ ಪಾಲಾಯಿತು, ಎರಡು ವರ್ಷಗಳಲ್ಲಿ ಮತ್ತೆ ಮೊಗಲರಿಗೆ, 1761ರಲ್ಲಿ ಹೈದರಾಲಿಗೆ. ಆಟದಲ್ಲಾದರೆ ಕೋಟೆಯ ಮೇಲಿನ ಬಾವುಟದ ಬಣ್ಣ ಬದಲಾದರೆ ಮುಗಿಯಿತು. ಊರಿನವರ ಪಾಡೇನು? ಶ್ರೀರಂಗಪಟ್ಟಣದ ಬಳಿ ಗಂಜಾಂ ಎಂಬ ಹೊಸ ಪೇಟೆಯನ್ನು ತುಂಬಲು ಟಿಪ್ಪು ಶಿರಾದಿಂದ 12,000 ಕುಟುಂಬಗಳನ್ನು ಬಲವಂತವಾಗಿ ಸಾಗಿಸಿದನೆಂದು ರೈಸ್ ಅವರ ಮೈಸೂರು ಗೆಜೆಟಿಯರ್ ಹೇಳುತ್ತದೆ. ಆ ಅಂಕಿಯ ಹಿಂದೆ ಎಷ್ಟು ಒಲೆಗಳು ಆರಿದವು, ಎಷ್ಟು ಹೊಲಗಳು ಬೀಳುಬಿದ್ದವು ಎಂಬುದನ್ನು ಮಗು ಊಹಿಸಬೇಕು.

ಮಧುಗಿರಿಯ ಬೆಟ್ಟವನ್ನು ನೋಡಿ. ಅಂತರಾಳದ ಬಾಗಿಲು, ದಿಡ್ಡಿಬಾಗಿಲು, ನವಿಲುದೊಣೆ, ಭೀಮನದೊಣೆ, ದವಸದ ಕಣಜಗಳು: ಆಟದ ದುರ್ಗಕ್ಕೆ ಬೇಕಾದುದೆಲ್ಲವೂ ಅಲ್ಲಿದೆ. ಸೆರೆಯೂ ಇತ್ತು. 1763ರಲ್ಲಿ ಬಿದನೂರನ್ನು ಗೆದ್ದ ಹೈದರನು ಕೆಳದಿಯ ರಾಣಿ ವೀರಮ್ಮಾಜಿಯನ್ನೂ ಆಕೆಯ ದತ್ತುಪುತ್ರನನ್ನೂ ಇಲ್ಲಿಯೇ ಬಂಧನದಲ್ಲಿಟ್ಟನು. 1767ರಲ್ಲಿ ಪೇಶ್ವೆ ಮಾಧವರಾಯನ ಸೇನೆ ಕೋಟೆಯನ್ನು ಹಿಡಿದು ಅವರನ್ನು ಬಿಡಿಸಿತು. ಆದರೆ ಪುಣೆಗೆ ಹೋಗುವ ದಾರಿಯಲ್ಲೇ ರಾಣಿ ತೀರಿಕೊಂಡಳು. ಆಟದಲ್ಲಿ ಸೋತವನಿಗೆ ಮರಳಿ ಆರಂಭಿಸುವ ಗುಂಡಿಯೊಂದಿರುತ್ತದೆ, ಆಕೆಗೆ ಅದಿರಲಿಲ್ಲ.

ಆದ್ದರಿಂದ ಆಟವನ್ನು ಕಿತ್ತುಕೊಳ್ಳಬೇಡಿ. ರಜೆಯಲ್ಲಿ ಊರಿಗೆ ಬಂದಾಗ ಮಗುವಿಗೆ ಮಧುಗಿರಿಯ ಕೋಟೆಯನ್ನು ತೋರಿಸಿ. ಕೊರಟಗೆರೆ ತಾಲ್ಲೂಕಿನ ಚನ್ನರಾಯನದುರ್ಗ, ಪಾವಗಡದ ಬೆಟ್ಟದ ಕೋಟೆ, ಶಿರಾದ ಕಂದಕಗಳನ್ನೂ ತೋರಿಸಿ. ಈ ಕಲ್ಲುಗಳನ್ನು ಮೇಲಕ್ಕೆ ಸಾಗಿಸಿದವರು ಯಾರು? ಕಣಜ ತುಂಬಿದ ರಾಗಿ ಯಾರ ಹೊಲದ್ದು? ದೊರೆ ಬದಲಾದಾಗ ಕಂದಾಯ ಕಟ್ಟಿದವರು ಯಾರು? ಇಷ್ಟು ಕೇಳಿ ಸುಮ್ಮನಿರಿ, ಉತ್ತರವನ್ನು ಅವರೇ ಹುಡುಕಲಿ. ಅನಂತರ ಈ ನಾಲ್ಕು ತಾಲ್ಲೂಕುಗಳ ನಕಾಶೆ ಬರೆದು ತಮ್ಮದೇ ಆಟವೊಂದನ್ನು ಕಟ್ಟಲಿ. ಆ ಆಟದಲ್ಲಿ ರಾಜನ ಪಾತ್ರದ ಜೊತೆಗೆ ಶಿರಾದಿಂದ ಗಂಜಾಮಿಗೆ ನಡೆದ ಕುಟುಂಬವೊಂದರ ಪಾತ್ರವೂ ಇರಲಿ. ನಿಮ್ಮ ಮಕ್ಕಳು ಅಂಥದೊಂದನ್ನು ಬರೆದರೆ ನನಗೂ ಕಳುಹಿಸಿ, ಸಂತೋಷದಿಂದ ಓದುತ್ತೇನೆ.