ತೂತು ಬಿದ್ದ ಸೈಲೆನ್ಸರಿನ ಪರವಾಗಿ

ಕಾರಿನ ಸೈಲೆನ್ಸರ್ ತೂತಾದರೆ ಕಿತ್ತೆಸೆದು ಹೊಸದು ಹಾಕಿಸಬೇಕು, ಬೆಸುಗೆಯ ಗೊಡವೆಗೆ ಹೋಗಬಾರದು ಎಂಬುದು ಈಗಿನ ಶಾಸ್ತ್ರ. ಈ ಶಾಸ್ತ್ರ ಹೇಳುವವರೇ ಹೊಸ ಸೈಲೆನ್ಸರನ್ನೂ ಮಾರುತ್ತಾರೆ ಎಂಬುದನ್ನು ಮಾತ್ರ ಯಾರೂ ನೆನೆಯುವುದಿಲ್ಲ. ನಾನಂತೂ ಇದನ್ನು ಒಪ್ಪುವವನಲ್ಲ.

ಮೊದಲು ಸೈಲೆನ್ಸರ್ ಏಕೆ ತೂತಾಗುತ್ತದೆ ನೋಡೋಣ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ದೂರ ಓಡುವ ಗಾಡಿಯಲ್ಲಿ ಅದು ಆವಿಯಾಗಿ ಹೊರಟುಹೋಗುತ್ತದೆ. ತರಕಾರಿಗೆಂದು ಪೇಟೆಗೂ, ಮೊಮ್ಮಗಳನ್ನು ಬಿಡಲೆಂದು ಶಾಲೆಗೂ ಹೋಗಿ ಬರುವ ಗಾಡಿಯಲ್ಲಿ ಕೊಳವೆ ಕಾಯುವಷ್ಟರಲ್ಲಿ ಪಯಣವೇ ಮುಗಿದಿರುತ್ತದೆ. ನೀರು ಹಿಂದಿನ ಡಬ್ಬಿಯಲ್ಲಿ ನಿಂತು ತಗಡನ್ನು ಒಳಗಿನಿಂದಲೇ ತಿನ್ನುತ್ತದೆ. ಅಂದರೆ ಬಡಪಾಯಿಯ ಗಾಡಿ, ಮುದುಕರ ಗಾಡಿ, ಕಡಿಮೆ ಓಡುವ ಗಾಡಿಗಳೇ ಮೊದಲು ತುಕ್ಕು ಹಿಡಿಯುವುದು. ಹೊಸದು ಕೊಳ್ಳಿ ಎಂಬ ಉಪದೇಶ ಬೀಳುವುದೂ ಇವರ ತಲೆಯ ಮೇಲೆಯೇ.

ನನ್ನ ಹಳೆಯ ಮಾರುತಿ 800ರ ಕೊಳವೆಯಲ್ಲಿ ರೂಪಾಯಿ ನಾಣ್ಯದಗಲ ತೂತಾಗಿತ್ತು. ದೊಡ್ಡದೊಂದು ವರ್ಕ್‌ಶಾಪಿನಲ್ಲಿ, "ರಿಪೇರಿ ಮಾಡೋ ಪದ್ಧತಿ ನಮ್ಮಲ್ಲಿಲ್ಲ ಸಾರ್, ಪೂರ್ತಿ ಸೆಟ್ಟೇ ಬದಲಾಯಿಸಬೇಕು" ಎಂದರು. ಉಳಿದ ಭಾಗವೆಲ್ಲ ಗಟ್ಟಿಯಾಗಿದೆಯಲ್ಲ ಎಂದರೆ ಉತ್ತರವಿಲ್ಲ. ಹಲ್ಲು ಹುಳುಕಾಯಿತೆಂದು ದವಡೆಯನ್ನೇ ಕೀಳುವ ವೈದ್ಯನಿಗೆ ನಾವು ಏನೆನ್ನುತ್ತೇವೆ?

ಬೆಸುಗೆ ಬ್ರಹ್ಮವಿದ್ಯೆಯಲ್ಲ. ಮನೆಯ ಕರೆಂಟಿನಲ್ಲೇ ಓಡುವ ಇನ್ವರ್ಟರ್ ವೆಲ್ಡಿಂಗ್ ಯಂತ್ರ ಈಗ ಹೆಗಲಿಗೆ ತೂಗುಹಾಕುವಷ್ಟು ಹಗುರ. ಆದರೆ ಶಿಸ್ತು ಬೇಕು. ತುಕ್ಕಿನ ಮೇಲೆ ಬೆಸುಗೆ ನಿಲ್ಲದು. ಒಳ್ಳೆಯ ಕಬ್ಬಿಣ ಸಿಗುವತನಕ ಕತ್ತರಿಸಿ ಅಷ್ಟುದ್ದದ ಹೊಸ ಕೊಳವೆ ಕೂರಿಸಬೇಕು. ನೀರಿನ ಜಿ.ಐ. ಪೈಪು ಬೇಡ, ಅದರ ಸತುವಿನ ಹೊಗೆ ಕುಡಿದವನಿಗೆ ಸಂಜೆಗೆ ಚಳಿಜ್ವರ ಬರುತ್ತದೆ. ಬ್ಯಾಟರಿಯ ತಂತಿ ಬಿಚ್ಚಿಡಬೇಕು. ಗಾಡಿಯ ಅಡಿಯಲ್ಲಿ ಪೆಟ್ರೋಲ್ ನಳಿಗೆ ಹಾದುಹೋಗಿರುತ್ತದೆ, ಆದ್ದರಿಂದ ಅಳತೆಗೆ ಗುರುತು ಹಾಕಿಕೊಂಡು, ಕೊಳವೆಯನ್ನು ಹೊರಗೆ ತೆಗೆದೇ ಬೆಸೆಯಬೇಕು. ಒಂದೂವರೆ ಮಿಲಿಮೀಟರಿನ ತೆಳು ಗೋಡೆಗೆ ಎರಡೂವರೆ ಮಿಲಿಮೀಟರಿನ ಕಡ್ಡಿ, ಕಡಿಮೆ ಕರೆಂಟು, ಅಲ್ಲಲ್ಲಿ ಚುಕ್ಕಿ ಇಟ್ಟು ಆರಲು ಬಿಟ್ಟು ಮುಂದುವರಿಯುವ ತಾಳ್ಮೆ ಇರಬೇಕು. ಅವಸರ ಮಾಡಿದರೆ ಒಂದು ತೂತು ಮುಚ್ಚಲು ಹೋಗಿ ನಾಲ್ಕು ತೂತಾಗುತ್ತವೆ. ಕಣ್ಣಿಗೆ ಕಪ್ಪು ಗಾಜಿಲ್ಲದಿದ್ದರೆ ರಾತ್ರಿಯೆಲ್ಲ ಕಣ್ಣಲ್ಲಿ ಮರಳು ಸುರಿದಂತೆ ಉರಿಯುತ್ತದೆ. ಕೊನೆಗೆ ಕೊಳವೆಯನ್ನು ರಬ್ಬರಿನಲ್ಲಿ ತೂಗುಹಾಕಬೇಕೇ ಹೊರತು ಚಾಸಿಗೆ ಬಿಗಿಯಬಾರದು. ಎಂಜಿನ್ ಅದುರಿದಾಗ ಬೆಸುಗೆಯೇ ಬಿರಿಯುತ್ತದೆ.

ಬಿರುಕಿನಿಂದ ವಿಷಾನಿಲ ಒಳಗೆ ಬಂದರೆ ಏನು ಗತಿ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕರುಣೆಯೂ ಇಲ್ಲ. ಆದರೆ ಟ್ಯೂಬಿನ ಪಂಕ್ಚರ್ ಹುಡುಕುವ ಉಪಾಯ ಇಲ್ಲಿಯೂ ನಡೆಯುತ್ತದೆ. ಬಯಲಿನಲ್ಲಿ ತಣ್ಣಗಿರುವ ಎಂಜಿನ್ ಚಾಲೂ ಮಾಡಿ, ಕೂಡಲೇ ಬೆಸುಗೆಗೆ ಸೋಪಿನ ನೀರು ಸವರಿ. ಗುಳ್ಳೆ ಎದ್ದರೆ ಕೆಲಸ ಮುಗಿದಿಲ್ಲ. ದುಡ್ಡಿಲ್ಲವೆಂದು ತೂತು ಕೊಳವೆಯಲ್ಲೇ ಗಾಡಿ ಓಡಿಸುವುದಲ್ಲವೇ ನಿಜವಾದ ಅಪಾಯ? ರಿಪೇರಿಯನ್ನು ದುಬಾರಿ ಮಾಡಿದವರು ಆ ಅಪಾಯದಲ್ಲಿ ಪಾಲುದಾರರು.

ಇನ್ನು ಬೆಸುಗೆಯ ಮಾನ ಕಳೆದವರ ಮಾತು. ಡಬ್ಬಿ ಕತ್ತರಿಸಿ, ಬರಿಯ ಕೊಳವೆ ಬೆಸೆದು, ನಡುರಾತ್ರಿ ಬೀದಿಯನ್ನೆಲ್ಲ ಎಬ್ಬಿಸುವ ವೀರರಿದ್ದಾರಲ್ಲ, ಅವರು! ಹೀಗೆ ಮಾಡಿದರೆ ಗಾಡಿಗೆ ಬಲ ಬರುತ್ತದಂತೆ. ಬರುವುದು ಸದ್ದು, ಬಲವಲ್ಲ. ಹೊಗೆ ಕೊಳವೆಯಲ್ಲಿ ಹೊಳೆಯಂತೆ ಹರಿಯುವುದಿಲ್ಲ. ಎಂಜಿನ್ನಿನ ಪ್ರತಿ ಉಸಿರಿಗೂ ಅಲೆಯಾಗಿ ಬರುತ್ತದೆ. ಒಂದು ಅಲೆ ಮುಂದೆ ಹೋಗುತ್ತ ಹಿಂದಿನದನ್ನು ಎಳೆದುಕೊಳ್ಳುವಂತೆ ಕೊಳವೆಯ ಉದ್ದ, ಅಗಲಗಳನ್ನು ಲೆಕ್ಕ ಹಾಕಿರುತ್ತಾರೆ. ಬೇಕಾದ್ದಕ್ಕಿಂತ ಅಗಲವಾದರೆ ಕಡಿಮೆ ವೇಗದಲ್ಲಿ ಎಳೆತವೇ ಕುಗ್ಗುತ್ತದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ದಿ ಇಟ್ಟುಕೊಂಡಿದ್ದವರನ್ನು ಕೇಳಿ. ಆ ಎರಡು ಸ್ಟ್ರೋಕಿನ ಎಂಜಿನ್ನಿಗೆ ಸೈಲೆನ್ಸರ್ ಕೇವಲ ಬಾಯಿ ಮುಚ್ಚುವ ಬಟ್ಟೆಯಾಗಿರಲಿಲ್ಲ, ಎಂಜಿನ್ನಿನ ಅಂಗವೇ ಆಗಿತ್ತು.

ಕೆಲವರು ಕೆಟಲಿಟಿಕ್ ಕನ್ವರ್ಟರನ್ನೂ ಕಿತ್ತುಹಾಕುತ್ತಾರೆ. ಜೇನುಗೂಡಿನಂಥ ಆ ಡಬ್ಬಿಯೊಳಗೆ ಲೇಪಿಸಿದ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂಗಳು ವಿಷಾನಿಲವನ್ನು ಪಳಗಿಸುತ್ತವೆ. ಅದನ್ನು ಕಿತ್ತವನು ತನ್ನ ಖುಷಿಗಾಗಿ ನೆರೆಯವರ ಮಕ್ಕಳ ಶ್ವಾಸಕೋಶವನ್ನು ಬಾಡಿಗೆಯಿಲ್ಲದೆ ಬಳಸುತ್ತಿದ್ದಾನೆ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳ 120ನೆಯ ನಿಯಮ ಪ್ರತಿ ಗಾಡಿಗೂ ಸದ್ದಡಗಿಸುವ ಸೈಲೆನ್ಸರ್ ಇರಲೇಬೇಕೆನ್ನುತ್ತದೆ. ಗಾಡಿಯನ್ನು ಅಕ್ರಮವಾಗಿ ಮಾರ್ಪಡಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆ, ಇಲ್ಲವೇ ಮಾರ್ಪಾಡಿಗೆ ತಲಾ 5000 ರೂಪಾಯಿ ದಂಡ, ಅಥವಾ ಎರಡೂ ಎಂದು 2019ರ ತಿದ್ದುಪಡಿ ಹೇಳುತ್ತದೆ. ಗದ್ದಲದ ವೀರರಿಗೆ ಅದು ತಕ್ಕ ಮದ್ದೇ. ಆದರೆ ಇದ್ದ ಕೊಳವೆಯನ್ನು ಇದ್ದ ಹಾಗೆಯೇ ಮಾಡಿಕೊಳ್ಳುವುದು ಮಾರ್ಪಾಡಲ್ಲ, ದುರಸ್ತಿ. ಮಾರುತಿ 800, ಅಂಬಾಸಿಡರ್ ಎರಡರ ತಯಾರಿಕೆಯೂ 2014ರಲ್ಲಿ ನಿಂತಿತು. ಬಿಡಿಭಾಗ ಸಿಗದ ದಿನ ಇವುಗಳ ಒಡೆಯ ಹಳೆಯ ಅಳತೆಗೆ ಹೊಸ ಕೊಳವೆ ಬಾಗಿಸದೆ ಇನ್ನೇನು ಮಾಡಿಯಾನು?

ನಾನು ಕೇಳುವುದು ಇಷ್ಟೇ. ವರ್ಕ್‌ಶಾಪಿನ ದರಪಟ್ಟಿಯಲ್ಲಿ ಬದಲಾವಣೆಯ ಬೆಲೆಯ ಪಕ್ಕದಲ್ಲೇ ದುರಸ್ತಿಯ ಬೆಲೆಯನ್ನೂ ಬರೆಯಲಿ. ರಸ್ತೆಬದಿಯಲ್ಲಿ ಕಣ್ಣು ಕಿರಿದು ಮಾಡಿ ಕೂತ ವೆಲ್ಡಿಂಗ್ ಹುಡುಗನಿಗೆ, ಚೌಕಾಸಿ ಮಾಡುವ ಮೊದಲು, ಒಂದು ಕಪ್ಪು ಗಾಜಿನ ಬೆಲೆ ಹೆಚ್ಚಿಗೆ ಕೊಡೋಣ. ಪೊಲೀಸರು ಕೊಳವೆಯ ಬೆಸುಗೆ ನೋಡಿ ದಂಡ ಹಾಕದಿರಲಿ, ಅದರ ಸದ್ದು ಕೇಳಿ ಹಾಕಲಿ.